ಊರಿಲ್ಲದ ಕಪ್ಪೆಗಳು

ನಿಸರ್ಗ ಛಾಯಾಗ್ರಹಣದ ಕಮ್ಮಟಕ್ಕೆ ಹೋದ ಹೊಸಬರ ಕಿವಿಗೆ ಮೊದಲ ದಿನವೇ ಬೀಳುವ ಮಾತು: ‘ಬ್ಯಾಕ್‌ಗ್ರೌಂಡ್ ಕ್ಲೀನ್ ಇರಲಿ.’ ಕಪ್ಪೆಯಿರಲಿ, ಚಿಟ್ಟೆಯಿರಲಿ, ಸೂರ್ಯನ ಕುದುರೆಯಿರಲಿ, ಅದರ ಹಿಂದಿರುವುದೆಲ್ಲ ಕರಗಿ ನುಣ್ಣಗಿನ ಒಂದೇ ಬಣ್ಣವಾಗಬೇಕು. ಅದಕ್ಕೆ ತಕ್ಕ ಲೆನ್ಸನ್ನೂ ಗೊತ್ತುಮಾಡಿ ಇಟ್ಟಿದ್ದಾರೆ: 90ರಿಂದ 105 ಮಿ.ಮೀ.ವರೆಗಿನ ಮ್ಯಾಕ್ರೊ, ದುಡ್ಡಿದ್ದವರಿಗೆ 180. ವೈಡ್ ಆಂಗಲ್ ಏನಿದ್ದರೂ ಜೋಗದ ಗುಂಡಿಗೆ, ಕೊಡಚಾದ್ರಿಯ ಸೂರ್ಯಾಸ್ತಕ್ಕೆ, ಮದುವೆಯ ಮಂಟಪಕ್ಕೆ. ಅದನ್ನು ಹುಳುವಿನ ಹತ್ತಿರ ಒಯ್ಯುವವನಿಗೆ ಇನ್ನೂ ಕೆಲಸ ಗೊತ್ತಿಲ್ಲ ಎಂದು ಅರ್ಥ. ಇದನ್ನು ಎಷ್ಟು ಸಲ ಕೇಳಿದ್ದೇವೆಂದರೆ, ಒಂದು ಕಾಲದ ಅಭಿರುಚಿಯಾಗಿ ಹುಟ್ಟಿದ್ದು ಇವತ್ತು ಕಟ್ಟಳೆಯಾಗಿ ಕೂತಿದೆ.

ಈ ಕಟ್ಟಳೆ ತಪ್ಪು ಎನ್ನುವುದು ನನ್ನ ವಾದ. ರುಚಿಭೇದ ಎಂದು ಬಿಟ್ಟುಬಿಡುವಷ್ಟು ಸಣ್ಣ ತಪ್ಪೂ ಅಲ್ಲ ಇದು. ಜೀವಿಯನ್ನು ತೋರಿಸುತ್ತೇವೆಂದು ಹೊರಟು ಅದು ಬದುಕುವ ನೆಲವನ್ನು ಅಳಿಸುತ್ತಿದ್ದೇವೆ. ಹಾಗೆ ಅಳಿಸಿದ ಸಾವಿರಾರು ಚಿತ್ರಗಳನ್ನು ನೋಡಿ ನೋಡಿ, ಕಪ್ಪೆಗೆ ಊರೇ ಇಲ್ಲ, ಹಸಿರು ಬಣ್ಣದ ಶೂನ್ಯದಲ್ಲಿ ಅದು ಹಾಯಾಗಿದೆ ಎಂದು ನಂಬುವ ಕಣ್ಣುಗಳನ್ನು ಬೆಳೆಸುತ್ತಿದ್ದೇವೆ.

ಶಿರಾಳಕೊಪ್ಪದ ಸುತ್ತಮುತ್ತ ಕ್ಯಾಮೆರಾ ಹಿಡಿದು ಓಡಾಡುವವರಿಗೆ ಇದು ಬೇಗ ಅರ್ಥವಾಗಬೇಕು. ಮಲೆನಾಡು ಮುಗಿಯುತ್ತ ಬಂದು ಬಯಲುಸೀಮೆ ಇನ್ನೂ ಸರಿಯಾಗಿ ಶುರುವಾಗದ ಜಾಗ ಇದು. ಪಡುವಣಕ್ಕೆ ಸೊರಬದ ಕಾನುಗಳು, ಮೂಡಣಕ್ಕೆ ಮೆಕ್ಕೆಜೋಳದ ಹೊಲಗಳು, ನಡುವೆ ಭತ್ತದ ಗದ್ದೆ, ಅಡಿಕೆ ತೋಟ, ಶುಂಠಿ ಮಡಿ, ಅನಾನಸು, ಮತ್ತೆ ಎಲ್ಲಿ ತಿರುಗಿದರೂ ಕೆರೆ. ಪಕ್ಕದ ತಾಳಗುಂದದ ಸ್ತಂಭಶಾಸನವು ಕದಂಬರ ಕಾಕುಸ್ಥವರ್ಮ ಅಲ್ಲಿಯ ಶಿವಾಲಯದ ಬಳಿ ಕಟ್ಟಿಸಿದ ಕೆರೆಯನ್ನು ಹೊಗಳುತ್ತದೆ. ಐದನೇ ಶತಮಾನದ ಮಾತು ಅದು. ಈ ಸೀಮೆಯ ಏರೋಪ್ಲೇನ್ ಚಿಟ್ಟೆ ಒಂದೂವರೆ ಸಾವಿರ ವರ್ಷದಿಂದ ಮನುಷ್ಯ ಕಟ್ಟಿದ ನೀರಿನಲ್ಲಿ ಮೊಟ್ಟೆಯಿಡುತ್ತ ಬಂದಿದೆ. ಕಾನುಗಳಾದರೂ ಯಾರೂ ಮುಟ್ಟದ ಕಾಡುಗಳಲ್ಲ. ದೇವರ ಹೆಸರಿನಲ್ಲಿ, ಕಾಳುಮೆಣಸಿನ ಆಸೆಗೆ, ಬಗನಿ ಮರಕ್ಕೆ, ಕೆಳಗಿನ ಗದ್ದೆಯ ನೀರಿಗೆ ಊರವರೇ ಕಾಯ್ದುಕೊಂಡ ನಿತ್ಯಹಸಿರಿನ ತುಂಡುಗಳು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನ ಕಾನುಗಳ ಮೇಲೆಯೇ ಪ್ರತ್ಯೇಕ ವರದಿ ಬರೆದರು. ನಮ್ಮ ಕಾಲದಲ್ಲಿ ಎಂ.ಡಿ. ಸುಭಾಷ್ ಚಂದ್ರನ್, ಟಿ.ವಿ. ರಾಮಚಂದ್ರ ಮತ್ತು ಅವರ ಜೊತೆಗಾರರು ಅವುಗಳ ಗಿಡಮರಗಳನ್ನು ದಾಖಲಿಸಿದ್ದಾರೆ. ಇಂಥ ಕಾನು ಮುಗಿದು ಶುಂಠಿ ಮಡಿ ಶುರುವಾಗುವುದು ಎಷ್ಟೋ ಕಡೆ ಇಪ್ಪತ್ತೇ ಹೆಜ್ಜೆಯಲ್ಲಿ. ಆ ಇಪ್ಪತ್ತು ಹೆಜ್ಜೆಯೊಳಗೆ ಕೂತ ಮರಗಪ್ಪೆಯ ಬದುಕು ಎರಡೂ ಕಡೆಗೆ ಸೇರಿದ್ದು. 100 ಮಿ.ಮೀ. ಮ್ಯಾಕ್ರೊದಲ್ಲಿ ತೆಗೆದ ಅದರ ಚಿತ್ರವನ್ನು ಕೊಡಗಿನದೆಂದರೂ ನಂಬಬಹುದು, ವಯನಾಡಿನದೆಂದರೂ ನಂಬಬಹುದು, ಬೆಂಗಳೂರಿನ ಯಾರದೋ ಹಿತ್ತಲಿನದೆಂದರೂ ನಂಬಬಹುದು.

ದೃಗ್ವಿಜ್ಞಾನದ ಲೆಕ್ಕವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ, ಯಾಕೆಂದರೆ ನನ್ನ ಪಕ್ಷದವರೂ ಇದರಲ್ಲಿ ಒಂದು ತಪ್ಪು ಮಾತಾಡುತ್ತಾರೆ. ‘ವೈಡ್ ಲೆನ್ಸಿನಲ್ಲಿ ಡೆಪ್ತ್ ಆಫ್ ಫೀಲ್ಡ್ ಹೆಚ್ಚು, ಅದಕ್ಕೇ ಹಿನ್ನೆಲೆ ಕಾಣುತ್ತದೆ’ ಎನ್ನುವುದು ಆ ಮಾತು. ಒಂದೇ ಜಾಗದಲ್ಲಿ ನಿಂತು ಎರಡು ಲೆನ್ಸ್ ಬದಲಿಸಿದರೆ ಅದು ನಿಜ. ಹತ್ತಿರದ ಚಿತ್ರದಲ್ಲಿ ನಾವು ಹಾಗೆ ಮಾಡುವುದಿಲ್ಲ, ಕಪ್ಪೆ ಅಷ್ಟೇ ದೊಡ್ಡದಾಗಿ ಬರಲೆಂದು ವೈಡ್ ಹಿಡಿದು ಮುಂದೆ ಹೋಗುತ್ತೇವೆ. ಕಪ್ಪೆ ಸೆನ್ಸರಿನ ಮೇಲೆ ತನ್ನ ನಿಜಗಾತ್ರದ ಕಾಲು ಪಾಲಿಗೆ ಬೀಳಬೇಕು ಎಂದಿಟ್ಟುಕೊಳ್ಳಿ. 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರಿಗೆ ಆಗ ಕಪ್ಪೆ ಕೂತಲ್ಲಿ 144 ಮಿ.ಮೀ. ಅಗಲ ಹಿಡಿಸುತ್ತದೆ. ಐದಾರು ಸೆಂಟಿಮೀಟರಿನ ಮರಗಪ್ಪೆಗೆ ಒಪ್ಪುವ ಅಳತೆ. ಇದಕ್ಕೆ 100 ಮಿ.ಮೀ. ಲೆನ್ಸ್ ಕಪ್ಪೆಯಿಂದ ಸುಮಾರು ಅರ್ಧ ಮೀಟರ್ ದೂರವಿರಬೇಕು, 24 ಮಿ.ಮೀ. ಲೆನ್ಸ್ ಸುಮಾರು 12 ಸೆಂಟಿಮೀಟರ್. ಎರಡನ್ನೂ ಎಫ್ 11ಕ್ಕೆ ಇಟ್ಟರೆ ಕಪ್ಪೆಯ ಮೈಮೇಲೆ ಫೋಕಸ್ಸಿನಲ್ಲಿ ನಿಲ್ಲುವ ಆಳ ಎರಡರಲ್ಲೂ ಒಂದೇ, ಹೆಚ್ಚುಕಡಿಮೆ 13 ಮಿ.ಮೀ.

ಈಗ ಕಪ್ಪೆಯ ಹಿಂದೆ ಹತ್ತು ಮೀಟರ್ ದೂರದ ಕಾನಿನ ಅಂಚನ್ನು ಗಮನಿಸಿ. 100 ಮಿ.ಮೀ. ಲೆನ್ಸಿಗೆ ಅಲ್ಲಿಯ ಮೂರು ಮೀಟರ್ ಅಗಲ ಮಾತ್ರ ಸಿಗುತ್ತದೆ, 24ಕ್ಕೆ ಹನ್ನೆರಡು ಮೀಟರ್. ಮಸುಕಿನ ಪ್ರಮಾಣ ಇನ್ನೂ ಸ್ವಾರಸ್ಯದ್ದು. ಎರಡರಲ್ಲೂ ಆ ದೂರದಲ್ಲಿ 18 ಸೆಂಟಿಮೀಟರಿಗಿಂತ ಸಣ್ಣ ವಿವರ ಕರಗಿಹೋಗುತ್ತದೆ, ಎಲೆಯನ್ನು ಎರಡು ಲೆನ್ಸೂ ಉಳಿಸಿಕೊಳ್ಳುವುದಿಲ್ಲ. ಆದರೆ ಮೂರು ಮೀಟರ್ ಅಗಲದ ಚೌಕಟ್ಟಿನಲ್ಲಿ 18 ಸೆಂಟಿಮೀಟರಿನ ಮಸುಕು ಎಂದರೆ ಅಗಲದ ಹದಿನಾರನೇ ಒಂದು ಪಾಲು, ಉಳಿಯುವುದು ಬಣ್ಣದ ಕಲೆ ಮಾತ್ರ. ಹನ್ನೆರಡು ಮೀಟರಿನಲ್ಲಿ ಅದೇ ಮಸುಕು ಅರವತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಮರದ ನಿಲುವು, ಅಡಿಕೆ ಸಾಲು, ಕೆರೆ ಏರಿಯ ಓರೆ, ಬೇಲಿ, ಮೋಡ ಎಲ್ಲವೂ ಗುರುತು ಸಿಗುತ್ತವೆ. ಹಾಗಾಗಿ ವೈಡ್ ಲೆನ್ಸ್ ಹಿಂದಿನದನ್ನು ಹೆಚ್ಚು ಚೊಕ್ಕವಾಗಿ ತೋರಿಸುತ್ತದೆ ಎನ್ನುವುದಕ್ಕಿಂತ ಹೆಚ್ಚು ಜಾಗವನ್ನು ಒಳಗೆ ತರುತ್ತದೆ ಎನ್ನುವುದೇ ಸರಿ. ಉದ್ದ ಲೆನ್ಸ್ ಕೊಡುವ ಶುಭ್ರ ಹಿನ್ನೆಲೆಯೂ ಅಷ್ಟೇ, ಅದು ಯಾವ ಕೌಶಲದ ಫಲವೂ ಅಲ್ಲ. ಸಣ್ಣ ತುಂಡೊಂದನ್ನು ಕತ್ತರಿಸಿ ಹಿಗ್ಗಿಸಿದಾಗ ತಾನಾಗಿ ಬರುವ ನುಣುಪು.

ಈ ನುಣುಪಿನ ಮೋಹ ಎಲ್ಲಿಂದ ಬಂತು? ಫಿಲ್ಮಿನ ದಿನಗಳನ್ನು ನೆನೆಯಬೇಕು. ಕೊಡಾಕ್ರೋಮ್ 25, ಕೊಡಾಕ್ರೋಮ್ 64ರಂಥ ಮಂದ ಫಿಲ್ಮು; ಕಾಡಿನ ನೆರಳಿನಲ್ಲಿ ಕೀಟವೊಂದನ್ನು ಎಫ್ 11ರಲ್ಲಿ ಹಿಡಿಯಬೇಕಾದರೆ ಫ್ಲ್ಯಾಶ್ ಅನಿವಾರ್ಯ. ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ಹುಳು ಬೆಳಗುತ್ತಿತ್ತು, ಹಿಂದೆ ಕತ್ತಲೆ. ಆ ಕತ್ತಲೆ ಅಂದಿನವರ ಆಯ್ಕೆಯಾಗಿರಲಿಲ್ಲ, ಉಪಕರಣ ಹಾಕಿದ ಮಿತಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರು ಆ ಮಿತಿಯೊಳಗೆ ಮಾಡಿದ ಕೆಲಸಕ್ಕೆ ಕನ್ನಡನಾಡು ಋಣಿ. ನಿಸರ್ಗ ಛಾಯಾಗ್ರಹಣ ಎಂಬ ಶಿಸ್ತನ್ನು ಇಲ್ಲಿ ಕಟ್ಟಿದವರಲ್ಲಿ ಅವರು ಮೊದಲಿಗರು. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ಚಿತ್ರಗಳಲ್ಲಂತೂ ಕಾಡಿನ ಬೆಳಕು, ಮರಗಳ ನೆರಳು ಪ್ರಾಣಿಯಷ್ಟೇ ಮುಖ್ಯ. ಹಿರಿಯರ ಸಾಧನೆಯಿಂದ ನಾವು ಕಲಿಯಬೇಕಾಗಿದ್ದು ತಾಳ್ಮೆ, ಜೀವಿಯ ನಡವಳಿಕೆಯ ತಿಳಿವು. ಕಲಿತದ್ದು ಅವರ ಫಿಲ್ಮಿನ ಕೊರತೆಯನ್ನು. ಐಎಸ್‌ಒ 3200ರಲ್ಲೂ ಸರಾಗವಾಗಿ ಚಿತ್ರ ಕೊಡುವ ಕ್ಯಾಮೆರಾ ಇವತ್ತು ಕೈಯಲ್ಲಿದೆ. ಆದರೂ ಅಂದಿನ ಕತ್ತಲೆಯನ್ನೇ ಮಸುಕು ಹಸಿರಿನ ರೂಪದಲ್ಲಿ ಮತ್ತೆ ಮತ್ತೆ ತಯಾರಿಸುತ್ತಿದ್ದೇವೆ.

ಸಲೋನ್ ಸ್ಪರ್ಧೆಗಳು ಇದಕ್ಕೆ ಮುದ್ರೆ ಒತ್ತಿದವು. ಅಂತರರಾಷ್ಟ್ರೀಯ ಸಂಸ್ಥೆಗಳಾದ ಎಫ್‌ಐಎಪಿ ಮತ್ತು ಪಿಎಸ್‌ಎ ಒಪ್ಪಿಕೊಂಡಿರುವ ನಿಸರ್ಗ ವಿಭಾಗದ ವ್ಯಾಖ್ಯೆಯನ್ನು ತೆರೆದು ಓದಿ. ಚಿತ್ರದ ಚೆಲುವಿಗಿಂತ ಅದು ಹೇಳುವ ನಿಸರ್ಗದ ಕಥೆಗೆ ಹೆಚ್ಚು ತೂಕ ಕೊಡಬೇಕು ಎಂದು ಅದರಲ್ಲಿಯೇ ಇದೆ. ಮನುಷ್ಯನ ಕೈಗೆಲಸ ಕಾಣಬಾರದು ಎಂದಿದ್ದರೂ, ಆ ಕಥೆಗೆ ಅದು ಅವಿಭಾಜ್ಯವಾಗಿದ್ದರೆ ಇರಬಹುದು ಎಂಬ ವಿನಾಯಿತಿಯೂ ಇದೆ. ತೀರ್ಪಿನ ಕೋಣೆಯಲ್ಲಿ ಆಗುವುದೇ ಬೇರೆ. ಪರದೆಯ ಮೇಲೆ ಚಿತ್ರ ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕಣ್ಣಿಗೆ ಹೊಡೆಯುವುದು ನುಣುಪು, ಬಣ್ಣ, ರೆಕ್ಕೆಯ ಮೇಲಿನ ಹನಿ. ಹಿಂದೆ ಒಂದು ತಂತಿಬೇಲಿ, ಪಂಪ್‌ಹೌಸಿನ ಗೋಡೆ ಕಂಡರೆ ಅಂಕ ಬೀಳುವುದಿಲ್ಲ. ಶಿರಾಳಕೊಪ್ಪದ ಸುತ್ತ ಬೇಲಿ, ಏರಿ, ಗದ್ದೆಬದು ಇಲ್ಲದ ಜಾಗವನ್ನು ಹುಡುಕಿಕೊಂಡು ಹೋಗುವ ಹುಡುಗ ಕೊನೆಗೆ ಮಾಡುವುದು ಒಂದೇ. ಉದ್ದ ಲೆನ್ಸ್ ಹಾಕಿ ಎಲ್ಲವನ್ನೂ ಕರಗಿಸುತ್ತಾನೆ. ತನ್ನ ಊರೇ ನಾಚಿಕೆಯ ವಸ್ತು ಎಂದು ಅವನಿಗೆ ಕಲಿಸಿದಂತಾಯಿತು. ನನಗೆ ಹೆಚ್ಚು ನೋವಾಗುವುದು ಇದರಿಂದ.

ಹಿನ್ನೆಲೆ ಅಲಂಕಾರ ಅಷ್ಟೇ, ಜೀವಿಯೇ ಮುಖ್ಯ ಎನ್ನುವವರಿಗೆ ಈ ಸೀಮೆಯ ಮೂರು ಸಣ್ಣ ಜೀವಿಗಳನ್ನು ತೋರಿಸುತ್ತೇನೆ.

ಮೊದಲನೆಯದು ಸೊರಬದಾಚೆ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕಪ್ಪೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದಕ್ಕೆ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ರಾತ್ರಿ ಹೊತ್ತು, ತೊರೆಯ ನೀರಿನ ಮೇಲೆ ಚಾಚಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸುತ್ತದೆ. ಗಂಡು ತೊರೆಯ ತಳದಿಂದ ಮುಂಗಾಲಿನಲ್ಲಿ ಕೆಸರು ತಂದು ಆ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಈ ನಡವಳಿಕೆಯ ಅರ್ಥವೆಲ್ಲ ಕಡ್ಡಿಗೂ ನೀರಿಗೂ ನಡುವಿನ ಅಂತರದಲ್ಲಿದೆ, ತೊರೆಯ ಕೆಸರಿನಲ್ಲಿದೆ, ಮೇಲೆ ನೆರಳು ಹಿಡಿದ ಜೌಗುಕಾಡಿನಲ್ಲಿದೆ. ಮ್ಯಾಕ್ರೊ ಲೆನ್ಸಿನಲ್ಲಿ ಅದು ಮಣ್ಣು ಮೆತ್ತಿದ ಒಂದು ಕಪ್ಪೆ. ಕಡ್ಡಿ, ಕೆಳಗಿನ ನೀರು, ಬದಿಯ ಬೇರು ಮೂರೂ ಸೇರಿದರೆ ಮಾತ್ರ ಅದು ಕುಂಬಾರ. ತೊರೆ ಬತ್ತಿದರೆ ಏನಾಗುತ್ತದೆ ಎಂಬ ಪ್ರಶ್ನೆ ಎರಡನೇ ಚಿತ್ರದಲ್ಲಿ ತಾನಾಗಿ ಏಳುತ್ತದೆ, ಮೊದಲನೆಯದರಲ್ಲಿ ಏಳುವುದಿಲ್ಲ.

ಎರಡನೆಯದು ಮೆಕ್ಕೆಜೋಳದ ಸುಳಿಯೊಳಗಿನ ಹುಳು, ಫಾಲ್ ಆರ್ಮಿವರ್ಮ್. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ದಾಟಿ, 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿ ಪತ್ತೆಯಾಗಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದ ಹೊಲಗಳಲ್ಲಿ. ಇಲ್ಲಿ ಮ್ಯಾಕ್ರೊ ಲೆನ್ಸಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುತ್ತೇನೆ. ತಲೆಯ ಮೇಲಿನ ತಲೆಕೆಳಗಾದ ವೈ ಗುರುತು, ಬಾಲದ ಬಳಿ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ, ಇವು ಕಾಣದೆ ಅದನ್ನು ಬೇರೆ ಲದ್ದಿಹುಳುಗಳಿಂದ ಬೇರ್ಪಡಿಸುವುದು ಕಷ್ಟ. ಗುರುತು ಹಿಡಿಯುವ ಕೆಲಸಕ್ಕೆ ಉದ್ದ ಲೆನ್ಸ್ ಬೇಕು. ಆದರೆ ಗುರುತು ಹಿಡಿದ ಮೇಲೆ? ಹರಿದ ಸುಳಿ, ಅದರಲ್ಲಿ ತುಂಬಿದ ಮರದ ಹೊಟ್ಟಿನಂಥ ಹಿಕ್ಕೆ, ಅದರಾಚೆ ದಿಗಂತದವರೆಗೆ ಒಂದೇ ಬೆಳೆ. ಹುಳುವಿಗೆ ಇಷ್ಟು ದೊಡ್ಡ ಊಟದ ಎಲೆ ಹಾಸಿದವರು ನಾವೇ ಎಂಬುದು ಹನ್ನೆರಡು ಸೆಂಟಿಮೀಟರ್ ಹತ್ತಿರ ಹೋದ ವೈಡ್ ಲೆನ್ಸಿನಲ್ಲಿ ಕಾಣುತ್ತದೆ. ಕೀಟದ ಕಥೆ ಕೀಟದಲ್ಲಿ ಮುಗಿಯುವುದಿಲ್ಲ.

ಮೂರನೆಯದು ಉಣುಗು. ಮಂಗನ ಕಾಯಿಲೆಗೆ ಜಗತ್ತಿನ ಪುಸ್ತಕಗಳಲ್ಲಿ ಇರುವ ಹೆಸರು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದರ ವೈರಾಣುವನ್ನು ಬೇರ್ಪಡಿಸಿದರು. ಅದನ್ನು ಹರಡುವ ಮುಖ್ಯ ಉಣುಗು ಹೀಮಫೈಸಾಲಿಸ್ ಸ್ಪಿನಿಜೆರಾ. 1969ರಲ್ಲಿ ಯೋರ್ಗೆ ಬೊಶೆಲ್ ಈ ರೋಗದ ಪರಿಸರ ಹಿನ್ನೆಲೆಯನ್ನು ಬರೆದರು: ಕಾಡಿನೊಳಗೆ ಸಾಗುವಳಿ ನುಗ್ಗಿದ್ದು, ದನಗಳು ಮೇಯಲು ಹೋಗಿ ಉಣುಗಿಗೆ ಯಥೇಚ್ಛ ಆಹಾರವಾಗಿದ್ದು, ಅಂಚಿನಲ್ಲಿ ಪೊದೆ ಹಬ್ಬಿದ್ದು. ಬಿಳಿ ಹಾಳೆಯ ಮೇಲಿಟ್ಟ ಉಣುಗಿನ ಮ್ಯಾಕ್ರೊ ಚಿತ್ರ ವೈದ್ಯಕೀಯ ಪಠ್ಯಕ್ಕೆ ಸಾಕು. ಸೊರಬದವರಿಗೆ ಬೇಕಾದ ಚಿತ್ರ ಬೇರೆ. ಮುಂದೆ ತರಗೆಲೆಯ ತುದಿಯಲ್ಲಿ ಕಾಲು ಚಾಚಿ ಕಾಯುತ್ತಿರುವ ಉಣುಗು, ಹಿಂದೆ ಅದೇ ದಾರಿಯಲ್ಲಿ ಕಾಡಿನಿಂದ ಮರಳುತ್ತಿರುವ ದನ, ಅದರಾಚೆ ಹೆಂಚಿನ ಮನೆ. ದರಗು ಗುಡಿಸಲು ಹೋಗುವವರಿಗೆ ರೋಗ ಯಾಕೆ ಮೊದಲು ತಗಲುತ್ತದೆ ಎಂದು ಕರಪತ್ರದ ಎರಡು ಪುಟ ಹೇಳುವುದನ್ನು ಆ ಒಂದು ಚೌಕಟ್ಟು ಹೇಳಬಲ್ಲದು.

ಇದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಕೆಲವು ಹಗುರ, ಕೆಲವು ಗಂಭೀರ. ಹಗುರದ್ದನ್ನು ಬೇಗ ಮುಗಿಸುತ್ತೇನೆ. ವೈಡ್ ಲೆನ್ಸಿನಲ್ಲಿ ಆಕಾರ ಕೆಡುತ್ತದೆ ಎನ್ನುತ್ತಾರೆ. ಅಷ್ಟು ಹತ್ತಿರದಿಂದ ನೋಡಿದಾಗ ಮುಂದಿರುವುದು ದೊಡ್ಡದಾಗಿಯೂ ಹಿಂದಿರುವುದು ಚಿಕ್ಕದಾಗಿಯೂ ಕಾಣುವುದು ದೂರದ ಗುಣ, ಲೆನ್ಸಿನ ದೋಷವಲ್ಲ. ಅಳತೆ ಬೇಕಾದ ಕೆಲಸಕ್ಕೆ ಅದು ಒದಗುವುದಿಲ್ಲ, ಒಪ್ಪುತ್ತೇನೆ. ಹಿನ್ನೆಲೆ ಗಜಿಬಿಜಿಯಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಮತ್ತು ಅದನ್ನು ಒಪ್ಪ ಮಾಡುವುದೇ ಛಾಯಾಗ್ರಾಹಕನ ಕೆಲಸ. ಜೀವಿ ಅಂಗೈ ದೂರದಲ್ಲಿರುವಾಗ ಕ್ಯಾಮೆರಾವನ್ನು ಎರಡು ಬೆರಳಗಲ ಸರಿಸಿದರೆ ಸಾಕು, ಹಿಂದಿನ ಮರ ಅದರ ತಲೆಯ ಹಿಂದಿನಿಂದ ಪಕ್ಕಕ್ಕೆ ಹೋಗುತ್ತದೆ. ಉದ್ದ ಲೆನ್ಸ್ ಹಿಡಿದವನು ಹಿನ್ನೆಲೆಯ ಬಗ್ಗೆ ಯೋಚಿಸದೆ ಬಚಾವಾಗುತ್ತಾನೆ, ವೈಡ್ ಹಿಡಿದವನು ಯೋಚಿಸಲೇಬೇಕು.

ಜೀವಿಗೆ ತೊಂದರೆಯಾಗುತ್ತದೆ ಎನ್ನುವುದು ಗಂಭೀರ ಆಕ್ಷೇಪ. ಹನ್ನೆರಡು ಸೆಂಟಿಮೀಟರ್ ದೂರದಲ್ಲಿ ಗಾಜು ಕಂಡರೆ ಕಪ್ಪೆ ಹಾರುತ್ತದೆ, ಚಿಟ್ಟೆ ಏಳುತ್ತದೆ. ಗೂಡಿನಲ್ಲಿ ಕೂತ ಹಕ್ಕಿಯ ಹತ್ತಿರ ಈ ಲೆನ್ಸ್ ಹೋಗಲೇಬಾರದು. ಗುಡವಿಯ ಪಕ್ಷಿಧಾಮದ ನೀರಿನೊಳಗಿನ ಮರಗಳಲ್ಲಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ ಮರಿ ಮಾಡುವ ಕಾಲದಲ್ಲಿ ದಂಡೆಯಿಂದ ಉದ್ದ ಲೆನ್ಸ್ ಬಳಸುವುದೇ ಸರಿ. ವಿಷದ ಹಾವಿನ ಮುಂದೆಯೂ ಇದು ಸಲ್ಲ, ಅಲ್ಲಿ ಅಪಾಯ ಇಬ್ಬರಿಗೂ. ಆದರೆ ಬೆಳಗಿನ ಇಬ್ಬನಿಯಲ್ಲಿ ಮರಗಟ್ಟಿ ಕೂತ ಏರೋಪ್ಲೇನ್ ಚಿಟ್ಟೆ, ಬಸವನಹುಳು, ಅಣಬೆ, ಎಲೆ ಹೊಲಿದು ಕಟ್ಟಿದ ಚಗಳಿ ಗೂಡು, ಮೊದಲ ಮಳೆಗೆ ಎದ್ದ ಇಂದ್ರಗೋಪ, ರಸ್ತೆ ಬದಿಯ ಮಾವಿನ ಕೊಂಬೆಯಿಂದ ಜೋತ ಸೀತಾಳೆ ದಂಡೆ ಇವೆಲ್ಲ ಕಾಯುತ್ತವೆ, ನಿಧಾನವಾಗಿ ಹೋದರೆ. ಸೀತಾಳೆಯ ಗೊಂಚಲನ್ನು 100ರಲ್ಲಿ ತೆಗೆದರೆ ನರ್ಸರಿಯ ಕುಂಡದ ಹೂವಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಕೆಳಗಿನಿಂದ ವೈಡ್ ಇಟ್ಟರೆ ಹೂವಿನ ಜೊತೆಗೆ ಹಳೆಯ ಮರವೂ, ಅದರ ಬುಡಕ್ಕೆ ತಾಗಿಕೊಂಡೇ ಅಗಲವಾಗುತ್ತಿರುವ ರಸ್ತೆಯೂ ಬರುತ್ತವೆ.

ಮತ್ತೆ, ತೊಂದರೆ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ತಿರುಗಿಸಿ ಕೇಳುವ ಹಕ್ಕು ನನಗಿದೆ. ಹಿನ್ನೆಲೆ ಶುಭ್ರವಾಗಲಿ ಎಂದು ಸುತ್ತಲಿನ ಹುಲ್ಲು ಕೀಳುವುದು, ಅಡ್ಡ ಬಂದ ರೆಂಬೆ ಕತ್ತರಿಸುವುದು, ಹುಳುವನ್ನು ‘ಒಳ್ಳೆ ಕಡ್ಡಿ’ಗೆ ಎತ್ತಿಡುವುದು, ಕಪ್ಪೆಯನ್ನು ಮನೆಗೆ ತಂದು ಬಣ್ಣದ ಹಾಳೆಯ ಮುಂದೆ ಕೂರಿಸುವುದು, ಇನ್ನೂ ಹೇಯವಾಗಿ ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಜಡಮಾಡುವುದು. ಇವೆಲ್ಲ ಯಾವ ಅಭಿರುಚಿಯ ಕೂಸುಗಳು? ಜೀವಿ ಇರುವಲ್ಲೇ, ಇರುವಂತೆಯೇ, ಅದರ ಸುತ್ತಿನ ಕಸಕಡ್ಡಿಯ ಸಮೇತ ಚಿತ್ರ ಬೇಕು ಎನ್ನುವವನಿಗೆ ಇದಾವುದರ ಅಗತ್ಯವೂ ಬೀಳುವುದಿಲ್ಲ. ಹುಲ್ಲು ಕಿತ್ತರೆ ಅವನ ಚಿತ್ರವೇ ಹಾಳಾಗುತ್ತದೆ.

ಲೆನ್ಸ್ ಕೊಳ್ಳಲು ಹೊರಟವರಿಗೆ ನೇರವಾಗಿ ಹೇಳುತ್ತೇನೆ. ಎಷ್ಟು ಅಗಲ ಕಾಣುತ್ತದೆ ಎನ್ನುವುದಕ್ಕಿಂತ ಎಷ್ಟು ಹತ್ತಿರ ಫೋಕಸ್ ಆಗುತ್ತದೆ ಎನ್ನುವುದನ್ನು ನೋಡಿ. ಅತಿ ಅಗಲದ ಎಷ್ಟೋ ಲೆನ್ಸ್‌ಗಳು ಹತ್ತಿರ ಬರಲೊಪ್ಪದೆ ಜೀವಿಯನ್ನು ಚುಕ್ಕೆ ಮಾಡಿಬಿಡುತ್ತವೆ. ಲಾವೋವಾ ಕಂಪನಿ 15 ಮಿ.ಮೀ.ನಲ್ಲಿ ಪೂರ್ತಿ ನಿಜಗಾತ್ರದ ಮ್ಯಾಕ್ರೊ ಮಾಡಿದೆ. ಕೇಳಲು ಸೊಗಸು, ಆದರೆ ಆ ಗಾತ್ರಕ್ಕೆ ಹೋದಾಗ ಗಾಜಿಗೂ ಹುಳುವಿಗೂ ನಡುವೆ ಅರ್ಧ ಸೆಂಟಿಮೀಟರೂ ಉಳಿಯುವುದಿಲ್ಲ, ಲೆನ್ಸಿನ ನೆರಳೇ ಹುಳುವನ್ನು ಮುಚ್ಚುತ್ತದೆ. ಅದನ್ನು ಕಾಲು ಪಾಲು ಗಾತ್ರಕ್ಕೆ ಬಳಸುವವನು ಜಾಣ. ನನ್ನ ಒಲವು 24 ಮಿ.ಮೀ. ಕಡೆಗೆ. ಸಿಗ್ಮಾದ ಹಳೆಯ 24 ಮಿ.ಮೀ. ಎಫ್ 1.8 ಲೆನ್ಸ್ ಸೆನ್ಸರಿನಿಂದ 18 ಸೆಂಟಿಮೀಟರಿನವರೆಗೆ ಫೋಕಸ್ ಆಗುತ್ತದೆ. ಕ್ಯಾನನ್ನಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಬರುವ 24 ಮಿ.ಮೀ. ಮ್ಯಾಕ್ರೊ 14 ಸೆಂಟಿಮೀಟರಿನಲ್ಲಿ ಅರ್ಧ ನಿಜಗಾತ್ರ ಕೊಡುತ್ತದೆ. ಚಿಕ್ಕ ಸೆನ್ಸರಿನ ಕ್ಯಾಮೆರಾ ಇದ್ದವರು ಇದೇ ನೋಟಕ್ಕೆ 16 ಮಿ.ಮೀ. ಆಸುಪಾಸು ಹುಡುಕಬೇಕು. ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ ಕೆಲಸ ಸಾಗಿಸುತ್ತೇನೆ ಎನ್ನುವವರು ಎಚ್ಚರ: 15 ಮಿ.ಮೀ. ಲೆನ್ಸಿಗೆ 12 ಮಿ.ಮೀ. ಟ್ಯೂಬ್ ಸೇರಿಸಿದರೆ ಫೋಕಸ್ ಬೀಳುವ ಜಾಗ ಲೆನ್ಸಿನ ಗಾಜಿನೊಳಗೇ ಹೋಗಿ ಕೂರುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18–55 ಲೆನ್ಸನ್ನು ಕೀಳಾಗಿ ಕಾಣಬೇಡಿ. 25 ಸೆಂಟಿಮೀಟರಿಗೆ ಬರುವ ಆ ಲೆನ್ಸ್ 18ರ ತುದಿಯಲ್ಲಿ ಚಗಳಿ ಗೂಡಿಗೆ, ಸೀತಾಳೆಗೆ, ದೊಡ್ಡ ಅಣಬೆಗೆ ಧಾರಾಳವಾಗಿ ಸಾಕು.

ಫೋನಿನ ವಿಷಯ ಹೇಳದೆ ಮುಂದೆ ಹೋಗಲಾರೆ. 2021ರ ಐಫೋನ್ 13 ಪ್ರೊದಿಂದ ಈಚೆಗೆ ಬಹಳಷ್ಟು ಫೋನುಗಳ ಮ್ಯಾಕ್ರೊ ವ್ಯವಸ್ಥೆ ನಡೆಯುವುದು ಅವುಗಳ ಅತಿ ಅಗಲದ ಲೆನ್ಸಿನಲ್ಲಿಯೇ, ಆ ಐಫೋನಿನಲ್ಲಿ ಎರಡು ಸೆಂಟಿಮೀಟರ್ ಹತ್ತಿರದವರೆಗೆ. ಶಿರಾಳಕೊಪ್ಪದ ಸಂತೆಗೆ ಶುಂಠಿ ತಂದ ಹುಡುಗನ ಜೇಬಿನಲ್ಲಿ ವೈಡ್ ಆಂಗಲ್ ಕ್ಲೋಸಪ್ ಉಪಕರಣ ಆಗಲೇ ಇರಬಹುದು. ಅವನು ತನ್ನ ಮಡಿಯ ಬದುವಿನಲ್ಲಿ ಕೂತ ಕಪ್ಪೆಯನ್ನು, ಹಿಂದಿನ ತೋಟ, ಆಕಾಶ, ಪೈಪಿನ ಸಮೇತ ತೆಗೆದ ಚಿತ್ರವನ್ನು ‘ಮೊಬೈಲ್ ಫೋಟೊ’ ಎಂದು ತಳ್ಳಿಹಾಕುವ ತೀರ್ಪುಗಾರರು, ನಿಸರ್ಗದ ಕಥೆ ಹೇಳುವ ಚಿತ್ರವನ್ನೇ ತಳ್ಳಿಹಾಕುತ್ತಿದ್ದಾರೆ.

ಬೆಳಕಿನ ತಾಪತ್ರಯ ನಿಜ. ಮಳೆಗಾಲದ ಮೋಡದ ಬೆಳಕು ಹತ್ತಿರದ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಆದರೆ ಆಕಾಶ ಚೌಕಟ್ಟಿಗೆ ಬಂದರೆ ಬೆಳ್ಳಗೆ ಸುಟ್ಟುಹೋಗುತ್ತದೆ. ಏರಿಯನ್ನೋ ಕಾನಿನ ಗೋಡೆಯನ್ನೋ ಹಿಂದಿಟ್ಟುಕೊಂಡು ಆಕಾಶವನ್ನು ಎಳೆಯಷ್ಟೇ ಬಿಡಬೇಕು, ಮುಂದಿನ ಜೀವಿಗೆ ಪಕ್ಕದಿಂದ ಸಣ್ಣ ಫ್ಲ್ಯಾಶನ್ನು ಬಿಳಿ ಬಟ್ಟೆಯ ಮೂಲಕ ಕೊಡಬೇಕು. ಲೆನ್ಸಿನ ಮೇಲ್ಭಾಗದಿಂದ ಕೊಟ್ಟರೆ ಅದರದೇ ನೆರಳು ಬೀಳುತ್ತದೆ.

ಈ ಬಗೆಯ ಚಿತ್ರಕ್ಕೆ ನೆಲದ ಮೇಲೆ ಮಲಗಬೇಕಾಗುತ್ತದೆ. ಹಾಗಾಗಿ ಇಲ್ಲಿಯವರಿಗೆ ಒಂದು ಮಾತು ಕಡ್ಡಾಯ. ಮಂಗನ ಕಾಯಿಲೆಯ ಕಾಲವೆಂದರೆ ಡಿಸೆಂಬರಿನಿಂದ ಮೇವರೆಗೆ, ಮರಿ ಉಣುಗುಗಳು ತರಗೆಲೆಯಲ್ಲಿ ತುಂಬಿರುವಾಗ. ಆ ತಿಂಗಳುಗಳಲ್ಲಿ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಿನ ನೆಲದಲ್ಲಿ ಮಲಗಿ ಚಿತ್ರ ತೆಗೆಯಬೇಡಿ. ಕಾಡಂಚಿನಲ್ಲಿ ಓಡಾಡುವುದೇ ಆದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಿ. ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ನೆಲಕ್ಕೆ ಒರಗುವ ಕೆಲಸಕ್ಕೆ ಜೂನ್ ಹಿಡಿದ ಮಳೆ ಬರಲಿ. ಕಪ್ಪೆಗಳು ಏಳುವುದೂ ಆಗಲೇ.

ಕೊನೆಯದಾಗಿ, ನನ್ನ ಪಕ್ಷವನ್ನು ನಿಜವಾಗಿ ಕಟ್ಟಿಹಾಕುವ ಆಕ್ಷೇಪ. ಹಿನ್ನೆಲೆ ಜಾಗದ ಗುರುತು ಹೇಳುತ್ತದೆ, ಗುರುತು ಕಳ್ಳರಿಗೂ ಸಿಗುತ್ತದೆ. ಅಪರೂಪದ ಸೀತಾಳೆ ಜಾತಿಯ ಗಿಡ, ನಕ್ಷತ್ರ ಆಮೆ, ಮಾರುಕಟ್ಟೆಯಲ್ಲಿ ಬೆಲೆ ಬಾಳುವ ಯಾವುದೇ ಜೀವಿಯ ಹಿಂದೆ ಒಂದು ಗುಡ್ಡದ ಅಂಚು ಕಂಡರೆ ಬಲ್ಲವರು ಅಲ್ಲಿಗೆ ತಲುಪಬಲ್ಲರು. ಇದಕ್ಕೆ ಜಾಣತನದ ಉತ್ತರ ನನ್ನಲ್ಲಿಲ್ಲ. ಹಿನ್ನೆಲೆ ಮಸುಕು ಮಾಡಿ ಪ್ರಕಟಿಸುವುದು ಉತ್ತರವಲ್ಲ, ಯಾಕೆಂದರೆ ಜೀವಿ ಇಂಥ ತಾಲ್ಲೂಕಿನಲ್ಲಿದೆ ಎಂಬ ಸುದ್ದಿಯನ್ನು ಅಡಿಬರಹವೇ ಹೊರಹಾಕಿರುತ್ತದೆ. ಅಂಥ ಜೀವಿ ಕಂಡರೆ ಜಾಗ ಸಮೇತ ಚಿತ್ರ ತೆಗೆಯಿರಿ, ದಿನಾಂಕ ಬರೆದಿಡಿ, ಫೈಲಿನೊಳಗಿನ ಜಿಪಿಎಸ್ ವಿವರವನ್ನು ಅಳಿಸದೆ ಮೂಲಪ್ರತಿಯನ್ನು ಆ ಜೀವಿಯನ್ನು ಅಭ್ಯಾಸ ಮಾಡುವ ಸಂಶೋಧಕರಿಗೆ ಕೊಡಿ, ಮತ್ತು ಸ್ಪರ್ಧೆಗೆ ಕಳಿಸಬೇಡಿ. ಪ್ರಶಸ್ತಿಯ ಆಸೆಗೆ ಹಿನ್ನೆಲೆ ಕರಗಿಸಿ ಕಳಿಸುತ್ತೇನೆ ಎಂಬುವರಿಗೂ ಇದೇ ಮಾತು ಅನ್ವಯಿಸುತ್ತದೆ.